ಜಾತಿ ನಾಯಿಯ ಜಾತಕ ಬರೆದವರು ಯಾರು?

ನಮ್ಮ ಕೊಡ್ಲಿಪೇಟೆ ಕಡೆ ತೋಟದ ಮನೆ ಅಂದ್ರೆ ನಾಯಿ ಇದ್ದೇ ಇರುತ್ತೆ. ಆ ನಾಯಿ ಹೆಣ್ಣಾಗಿದ್ದು, ಒಂಚೂರು ನೋಡೋಕೆ ಚೆನ್ನಾಗಿದ್ದರಂತೂ ಬಂದವರೆಲ್ಲ ಹೇಳುವ ಮಾತು ಒಂದೇ. "ಒಂದ್ ಸೂಲು ಮರಿ ಹಾಕ್ಸಿಬಿಡಿ ಮಾರಾಯ್ರೆ, ನಮ್ಗೊಂದು ಗಂಡು ಮರಿ ಇರ್ಲಿ!"

ಎಲ್ಲರಿಗೂ ಗಂಡು ಮರಿಯೇ ಬೇಕು. ಹಾಗಾದ್ರೆ ಹುಟ್ಟುವ ಹೆಣ್ಣು ಮರಿಗಳು ಎಲ್ಲಿಗೆ ಹೋಗುತ್ತವೆ? ಸಂತೆ ಮಾಳದ ಮೂಲೆಯಲ್ಲಿ, ರಸ್ತೆ ತಿರುವಿನಲ್ಲಿ ಗೋಣಿಚೀಲದೊಳಗೆ ಕುಂಯ್‌ಗುಟ್ಟುವ ಮರಿಗಳನ್ನು ಕಂಡವರಿಗೆ ಉತ್ತರ ಗೊತ್ತು. ಮನೆಯಲ್ಲಿ ನಾಯಿ ಮರಿ ಮಾಡಿಸುವುದು ಇವತ್ತಿನ ಶೋಕಿ ಅಲ್ಲ, ಅದಕ್ಕೊಂದು ಚರಿತ್ರೆ ಇದೆ. ಅದನ್ನು ಸ್ವಲ್ಪ ತಿರುವಿ ಹಾಕಿದರೆ ಯಾರು ಜವಾಬ್ದಾರಿಯಿಂದ ಮಾಡಿದರು, ಅದು ಎಲ್ಲಿ ಹಳಿ ತಪ್ಪಿತು ಅನ್ನುವುದು ಕಾಣಿಸುತ್ತೆ.

ಕನ್ನಡದ ನಾಯಿ ಚರಿತ್ರೆ ಅಂದ ಕೂಡಲೇ ನೆನಪಾಗೋದು ಮಂಡ್ಯ ಜಿಲ್ಲೆಯ ಆತಕೂರು ಶಾಸನ. ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಬೂತುಗನ ಕಡೆಯ ವೀರ ಮಣಲೇರ ಚೆನ್ನಾಗಿ ಕಾದಾಡಿದ. ಮೆಚ್ಚಿದ ಅರಸ ಏನು ಬೇಕೋ ಕೇಳು ಅಂದಾಗ ಆತ ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು! ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಹೋರಾಡಿ, ಎರಡೂ ಒಟ್ಟಿಗೇ ಸತ್ತವು. ಅದರ ನೆನಪಿಗೆ ಆತಕೂರಿನಲ್ಲಿ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿ ಹಂದಿ ಸೆಣಸುವ ಚಿತ್ರವೂ ಕಲ್ಲಿನ ಮೇಲಿದೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಆದರೆ ಗಮನಿಸಿ. ಶಾಸನದಲ್ಲಿ ಅರಸರ ಹೆಸರುಗಳಿವೆ, ಬಿರುದುಗಳಿವೆ. ಕಾಳಿಯ ಹೆಸರಿದೆ, ಸಾವಿದೆ. ಕಾಳಿಯ ತಾಯಿ ಯಾವುದು, ಯಾರ ಮನೆಯಲ್ಲಿ ಹುಟ್ಟಿತು ಅನ್ನೋದು ಮಾತ್ರ ಇಲ್ಲ. ನಾಯಿಯ ಶೌರ್ಯವನ್ನು ಕಲ್ಲಿನಲ್ಲಿ ಕೆತ್ತಿದರು. ಅದರ ವಂಶ ಸಾಕಿದವರ ತಲೆಯಲ್ಲೇ ಉಳಿಯಿತು.

ಇನ್ನೊಂದು ಸ್ವಾರಸ್ಯ. ಆತಕೂರು ಶಾಸನ ಸೌಮ್ಯ ಸಂವತ್ಸರದ್ದು. ಕವಿಚಕ್ರವರ್ತಿ ರನ್ನ ಹುಟ್ಟಿದ್ದೂ ಅದೇ ಸೌಮ್ಯ ಸಂವತ್ಸರದಲ್ಲಿ, ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ. ಕನ್ನಡ ನಾಡಿನ ಹೆಸರಾಂತ ನಾಯಿ ತಳಿಯ ಊರೂ ಅದೇ!

ಮುಧೋಳ ನಾಯಿ ಅರಮನೆಯಲ್ಲಿ ಹುಟ್ಟಿದ್ದಲ್ಲ. ದಖನ್ನಿನ ಬಯಲು ಸೀಮೆಯಲ್ಲಿ ಬೇಟೆಗಾರರು, ಅಲೆಮಾರಿಗಳು, ಹಳ್ಳಿಯ ಜನ ಸಾಕಿಕೊಂಡು ಬಂದ ತೆಳ್ಳನೆಯ ಉದ್ದ ಕಾಲಿನ ಓಟದ ನಾಯಿ ಅದು. ಮಹಾರಾಷ್ಟ್ರದ ಕಡೆ ಇದನ್ನೇ ಕಾರವಾನಿ ಅನ್ನುತ್ತಾರೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಕಳೆದ ಶತಮಾನದ ಆರಂಭದಲ್ಲಿ ಇದನ್ನು ಗುರುತಿಸಿ, ಸಾಕಿ, ತಳಿ ಬೆಳೆಸಿದರು. ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟರು. ಮುಧೋಳ ಹೌಂಡ್ ಅನ್ನುವ ಹೆಸರು ನಿಂತದ್ದು ಹಾಗೆ. ರಾಜರ ಉಪಕಾರ ಸಣ್ಣದಲ್ಲ, ನಿಜ. ಆದರೆ ಅವರು ಆರಿಸಿಕೊಳ್ಳಲು ಒಳ್ಳೆ ನಾಯಿಗಳು ಇದ್ದವಲ್ಲ, ಅವನ್ನು ಅಲ್ಲಿವರೆಗೆ ತಂದವರು ಯಾರು? ಗುಡಿಸಲಿನಲ್ಲಿ ಒಂದೋ ಎರಡೋ ನಾಯಿ ಇಟ್ಟುಕೊಂಡಿದ್ದ ಮಂದಿ. ಓಡದ ನಾಯಿಯಿಂದ ಅವರಿಗೆ ಉಪಯೋಗ ಇರಲಿಲ್ಲ. ಹಾಗಾಗಿ ಚೆನ್ನಾಗಿ ಓಡುವ ನಾಯಿಯ ಮರಿಗೇ ಬೇಡಿಕೆ. ಆರಿಸುವ ಕೆಲಸವನ್ನು ಬದುಕೇ ಮಾಡುತ್ತಿತ್ತು.

ನಮ್ಮ ಕೊಡಗಿನಲ್ಲೂ ಅಷ್ಟೇ. ಕೈಲ್ ಮುಹೂರ್ತ ಮುಗಿಸಿ ಷಿಕಾರಿಗೆ ಹೊರಟರೆ ಹಂದಿ ಸೋವಲು ನಾಯಿ ಬೇಕೇ ಬೇಕು. ಧೈರ್ಯ ಇದ್ದರೆ ಸಾಕು, ಬಣ್ಣ ಯಾರೂ ಕೇಳುತ್ತಿರಲಿಲ್ಲ. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ತೆಗೆದ. ತೋಟದ ಬಂಗಲೆಗಳ ಜೊತೆ ವಿಲಾಯಿತಿ ನಾಯಿಗಳೂ ಬಂದವು. "ಜಾತಿ ನಾಯಿ", "ಕಂತ್ರಿ ನಾಯಿ" ಅನ್ನುವ ಭೇದ ನಮ್ಮ ಬಾಯಲ್ಲಿ ಗಟ್ಟಿಯಾದದ್ದು ಆ ಕಾಲದಲ್ಲೇ ಇರಬೇಕು ಅನ್ಸುತ್ತೆ.

ಅತ್ತ ಇಂಗ್ಲೆಂಡಿನಲ್ಲಿ 1873ರಲ್ಲಿ ಕೆನಲ್ ಕ್ಲಬ್ ಶುರುವಾಯಿತು. ನಾಯಿಯ ತಂದೆ ತಾಯಿ ಅಜ್ಜಿ ಎಲ್ಲ ಪುಸ್ತಕಕ್ಕೆ ಏರಿದರು. ಇದು ಒಳ್ಳೆಯದೇ. ಆದರೆ ಅದೇ ಪುಸ್ತಕದ ಒಳಗೇ ಸುತ್ತಿ ಸುತ್ತಿ ಸಂಬಂಧ ಮಾಡಿಸಿದ್ದರಿಂದ ರೋಗಗಳೂ ವಂಶಕ್ಕೆ ಅಂಟಿದವು. ಕೊನೆಗೆ 2009ರಲ್ಲಿ ಆ ಕ್ಲಬ್ಬೇ ಅಣ್ಣ-ತಂಗಿ, ತಂದೆ-ಮಗಳು, ತಾಯಿ-ಮಗ ಕೂಡಿ ಹುಟ್ಟಿದ ಮರಿಗಳನ್ನು ನೋಂದಾಯಿಸುವುದಿಲ್ಲ ಅಂದಿತು. ತಾಯಿಯ ಕಡೆಯಿಂದ ಒಂದು, ತಂದೆಯ ಕಡೆಯಿಂದ ಒಂದು, ಹೀಗೆ ಅಡಗಿದ್ದ ದೋಷ ಎರಡೂ ಕಡೆಯಿಂದ ಬಂದರೆ ಮರಿಯಲ್ಲಿ ಹೊರಗೆ ಬೀಳುತ್ತೆ. ರಕ್ತ ಹತ್ತಿರವಾದಷ್ಟೂ ಅದರ ಸಾಧ್ಯತೆ ಹೆಚ್ಚು.

ಮುಧೋಳಕ್ಕೆ ವಾಪಸ್ ಬರೋಣ. 1948ರಲ್ಲಿ ಸಂಸ್ಥಾನ ವಿಲೀನವಾಯಿತು, ಅರಮನೆಯ ಆಸರೆ ಹೋಯಿತು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆಯ ಕೆಲಸವೂ ಹೋಯಿತು. ಆದರೂ ತಳಿ ಸಾಯಲಿಲ್ಲ. ಮುಧೋಳದ ಸುತ್ತಿನ ಹಳ್ಳಿಗಳಲ್ಲಿ ನೂರಾರು ಕುಟುಂಬಗಳು ಮನೆ ಅಂಗಳದಲ್ಲೇ ಅದನ್ನು ಉಳಿಸಿಕೊಂಡು ಬಂದವು. ಆಮೇಲೆ ಮರ್ಯಾದೆ ಬಂತು ನೋಡಿ! 2005ರಲ್ಲಿ ಅಂಚೆ ಚೀಟಿ. ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ. 2016ರಲ್ಲಿ ಮರಿಗಳು ಸೇನೆಯ ತರಬೇತಿಗೆ ಮೀರತ್‌ಗೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿ ಮನ್ ಕೀ ಬಾತ್‌ನಲ್ಲಿ ಹೆಸರು ಹೇಳಿದರು.

ಹೆಸರು ಬಂದಲ್ಲಿ ದುಡ್ಡೂ ಬರುತ್ತೆ. ಅಪಾಯ ಇರೋದೂ ಅಲ್ಲೇ. ಮೊದಲು ಓಟ ನೋಡಿ ಆರಿಸುತ್ತಿದ್ದರು. ಈಗ ಫೋನಿನಲ್ಲಿ ಫೋಟೋ ನೋಡಿ ಮುಂಗಡ ಕಳಿಸುತ್ತಾರೆ. ಓಡುವ ಕೆಲಸವೇ ಇಲ್ಲದ ಮೇಲೆ ಸೋಂಬೇರಿಯೂ ಒಂದೇ, ರೋಗಿಷ್ಟನೂ ಒಂದೇ, ಬೆಲೆ ಅದೇ! ಬದುಕು ಮಾಡುತ್ತಿದ್ದ ಆಯ್ಕೆಯನ್ನು ಈಗ ಸಾಕುವವನ ಆತ್ಮಸಾಕ್ಷಿ ಮಾಡಬೇಕು.

ಅದಕ್ಕೇ ಇರಬೇಕು, 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಸಂವರ್ಧನೆಗೆ ನಿಯಮ ತಂದಿತು. ಮಾರಲು ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಹೆಣ್ಣು ನಾಯಿಗೆ 18 ತಿಂಗಳು ತುಂಬುವ ಮೊದಲು, 8 ವರ್ಷ ದಾಟಿದ ಮೇಲೆ ಮರಿ ಮಾಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ 5ಕ್ಕಿಂತ ಹೆಚ್ಚಿಲ್ಲ. 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಲೆಕ್ಕ ಬರೆದಿಡಬೇಕು.

ಇದೆಲ್ಲ ಕಾಗದದ ಮಾತು ಅನ್ನಿಸಬಹುದು. ಆದರೆ ಒಂದೊಂದಕ್ಕೂ ಕಾರಣ ಇದೆ. ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತೆ. ಬಸಿರು ಸುಮಾರು 63 ದಿನ, ಆಮೇಲೆ ಒಂದೂವರೆ ತಿಂಗಳು ಹಾಲೂಡಿಸುವುದು. ಪ್ರತಿ ಬೆದೆಗೂ ಕಟ್ಟಿಸಿದರೆ ಅದರ ಮೈಯಲ್ಲಿ ಉಳಿಯೋದು ಮೂಳೆ ಮಾತ್ರ. 8 ವಾರದವರೆಗೆ ಅಮ್ಮನ ಜೊತೆ, ಒಡಹುಟ್ಟಿದವರ ಜೊತೆ ಇದ್ದ ಮರಿ ಕಚ್ಚುವುದಕ್ಕೂ ಆಡುವುದಕ್ಕೂ ವ್ಯತ್ಯಾಸ ಕಲಿಯುತ್ತೆ. ಬೇಗ ಕಿತ್ತುಕೊಂಡು ಹೋದ ಮರಿಗೆ ಅದನ್ನು ಕಲಿಸೋದು ಕಷ್ಟ, ಪಾರ್ವೊ ರೋಗದ ಹೆದರಿಕೆ ಬೇರೆ.

ನನ್ನ ಮಟ್ಟಿಗೆ ಚರಿತ್ರೆ ಹೇಳುವ ಪಾಠ ಸರಳ. ಅರಸರು ಹೆಸರು ಕೊಟ್ಟರು, ಅಂಚೆ ಇಲಾಖೆ ಚಿತ್ರ ಹಾಕಿತು. ಆದರೆ ತಳಿಯನ್ನು ಉಳಿಸಿದ್ದು ಒಂದೆರಡು ನಾಯಿ ಸಾಕಿದ ಮನೆ. ಮರಿ ಮಾಡಿಸಲೇಬೇಕು ಅಂದುಕೊಂಡವರು ಮೊದಲು ಒಂದು ನೋಟ್ ಬುಕ್ ತರಲಿ. ತಾಯಿ ಯಾರ ಮನೆಯದು, ಗಂಡು ಯಾವ ಊರಿನದು, ಎರಡಕ್ಕೂ ರಕ್ತಸಂಬಂಧ ಇದೆಯೇ, ರೇಬೀಸ್ ಲಸಿಕೆ ಯಾವತ್ತು ಹಾಕಿಸಿದ್ದು, ಯಾವ ಮರಿ ಯಾರಿಗೆ ಹೋಯಿತು, ಇಷ್ಟು ಬರೆಯಲಿ. ಹೆಣ್ಣು ಮರಿಗಳಿಗೂ ಮನೆ ಮೊದಲೇ ಗೊತ್ತಾಗಿರಬೇಕು. ಆ ಹೆಸರುಗಳು ಸಿಗದಿದ್ದರೆ ಆಪರೇಷನ್ ಮಾಡಿಸಿ ಸುಮ್ಮನಿರುವುದೇ ಧರ್ಮ. ನಮ್ಮ ಮನೆಯ ಹೆಣ್ಣು ನಾಯಿಗೆ ನಾವು ಮಾಡಿಸಿದ್ದೂ ಅದನ್ನೇ, ಹಾಯಾಗಿದೆ.

ನಿಮ್ಮ ಊರಲ್ಲೂ "ಆ ಮನೆ ನಾಯಿ ಅಂದ್ರೆ ನಾಯಿ" ಅನ್ನಿಸಿಕೊಂಡ ಮನೆ ಒಂದಾದರೂ ಇರುತ್ತೆ. ಆ ಮನೆಯ ಹಿರಿಯರು ಇದ್ದರೆ, ಯಾವ ಮರಿಯನ್ನು ಉಳಿಸಿಕೊಳ್ಳುತ್ತಿದ್ದರು, ಯಾರಿಗೆ ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ ಅಂತ ಕೇಳಿ ಬರೆದಿಡಿ. ಆತಕೂರಿನ ಕಲ್ಲಿನಲ್ಲಿ ಇಲ್ಲದ್ದು ಅದೇ.