ಹುದಿಕೇರಿಯ ಕಾಡು ಯಾರದ್ದು?

ಪೊನ್ನಂಪೇಟೆಯಿಂದ ಶ್ರೀಮಂಗಲ, ಕುಟ್ಟದ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಹುದಿಕೇರಿ ಒಂದು ಸಣ್ಣ ಪೇಟೆ. ಒಂದಷ್ಟು ಅಂಗಡಿ ದಾಟುವಷ್ಟರಲ್ಲಿ ಮತ್ತೆ ಕಾಫಿ ತೋಟ ಶುರುವಾಗುತ್ತದೆ. ಕಂದಾಯದ ಲೆಕ್ಕದಲ್ಲಿ ಇದು ಹೋಬಳಿ ಕೇಂದ್ರ. ಬಹುಕಾಲ ವಿರಾಜಪೇಟೆ ತಾಲೂಕಿನಲ್ಲಿದ್ದದ್ದು 2020ರಲ್ಲಿ ಪೊನ್ನಂಪೇಟೆ ತಾಲೂಕಿಗೆ ಸೇರಿತು. ಒಂದು ಮಗ್ಗುಲಿಗೆ 1974ರಲ್ಲಿ ಅಭಯಾರಣ್ಯವಾದ ಬ್ರಹ್ಮಗಿರಿ, ಇನ್ನೊಂದು ಮಗ್ಗುಲಿಗೆ 1955ರಲ್ಲೇ ಅಭಯಾರಣ್ಯವಾಗಿ 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆ. ಇವೆರಡರ ನಡುವಿನ ತೋಟ, ಗದ್ದೆ, ಬಾಣೆಗಳ ಸೀಮೆಯಲ್ಲಿ ಹುದಿಕೇರಿ ಇದೆ.

ಗುಡ್ಡದ ಮೇಲೆ ನಿಂತು ನೋಡಿದರೆ ಎಲ್ಲವೂ ಕಾಡೇ. ಇಳಿದು ನಡೆದರೆ ಮಾತ್ರ ಯಾವುದು ತೋಟ, ಯಾವುದು ಬಾಣೆ, ಯಾವುದು ದೇವರದ್ದು ಎಂದು ಗೊತ್ತಾಗುತ್ತದೆ. ತಗ್ಗಿನಲ್ಲಿ ಭತ್ತದ ಗದ್ದೆ, ಗದ್ದೆಯ ಅಂಚಿಗೆ ಒಕ್ಕದ, ಅಂದರೆ ಕೊಡವ ಕುಲದ ಮೂಲಮನೆಯಾದ ಐನ್‌ಮನೆ, ಅದರ ಹಿಂದೆ ಏರುವ ಬಾಣೆ. ವಂಶಪಾರಂಪರ್ಯದ ಜಮ್ಮಾ ಹಿಡುವಳಿಯಲ್ಲಿ ಬಾಣೆ ಕೊಟ್ಟದ್ದೇ ಗದ್ದೆಯ ಸಲುವಾಗಿ: ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು. 1854ರಲ್ಲಿ ಮಡಿಕೇರಿ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ತೋಟ ಎದ್ದಿತು. ಆಮೇಲೆ ಬಾಣೆಗಳಿಗೂ ಕಾಫಿ ಹತ್ತಿತು. ಆದರೆ ಹಳಬರು ಕಾಡನ್ನು ಬೋಳಿಸಿ ಗಿಡ ನೆಡಲಿಲ್ಲ. ಮೇಲೆ ನಂದಿ, ಬೀಟೆ, ಹಲಸು, ಹೆಬ್ಬಲಸು, ಅತ್ತಿ, ಗೋಳಿ; ಕೆಳಗೆ ಹಾಲುವಾಣ; ಅದರ ಅಡಿಗೆ ಕಾಫಿ. ಎರಡು ಅಂತಸ್ತಿನ ಈ ನೆರಳೇ ಇವತ್ತಿಗೂ ತೋಟವನ್ನು ಕಾಡಿನಂತೆ ತೋರಿಸುವುದು.

ಇವುಗಳ ನಡುವೆ ಅಲ್ಲಲ್ಲಿ ದೇವರಕಾಡು. ಕೊಡಗಿನಲ್ಲಿ ಲೆಕ್ಕಕ್ಕೆ ಸಿಕ್ಕಿರುವ ದೇವರಕಾಡುಗಳು 1,214. ಸರಾಸರಿ ತೆಗೆದರೆ ಸುಮಾರು 300 ಹೆಕ್ಟೇರಿಗೆ ಒಂದು. ಅಯ್ಯಪ್ಪನ ಹೆಸರಿನವು ಹೆಚ್ಚು, ಭಗವತಿ, ಭದ್ರಕಾಳಿ, ಈಶ್ವರನವೂ ಇವೆ. ಇಲ್ಲಿಯ ಅಯ್ಯಪ್ಪ ಬೇಟೆಯ ದೇವರು. ಹರಕೆಗೆ ಅವನಿಗೆ ಸಲ್ಲುವುದು ಮಣ್ಣಿನ ನಾಯಿ. ಹಳೆಯ ಅಯ್ಯಪ್ಪನ ಕಾಡೊಳಗೆ ಹೊಕ್ಕರೆ ಗರ್ಭಗುಡಿ, ಗೋಪುರ ಹುಡುಕಬಾರದು. ಮರದ ಬುಡದಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಸುತ್ತ ವರ್ಷವರ್ಷವೂ ತಂದಿಟ್ಟ ಬೊಗಸೆಯಷ್ಟು ದೊಡ್ಡ ಮಣ್ಣಿನ ನಾಯಿಗಳು. ಈ ವರ್ಷದ್ದು ಕೆಂಪಗೆ, ಹೋದ ವರ್ಷದ್ದು ಪಾಚಿ ಹಿಡಿದು ಹಸಿರಾಗಿ, ಅದಕ್ಕೂ ಹಿಂದಿನವು ಕಿವಿ ಬಾಲ ಕಳೆದುಕೊಂಡು ಅರ್ಧ ಮಣ್ಣಾಗಿ. ಗಾಳಿಗೆ ಬಿದ್ದ ಮರ ಬಿದ್ದಲ್ಲೇ ಕೊಳೆಯುತ್ತದೆ, ಸೌದೆಗೆಂದು ಎತ್ತುವಂತಿಲ್ಲ. ದೇವಸ್ಥಾನದ ಕೆಲಸಕ್ಕಲ್ಲದೆ ಕೊಡಲಿ ಒಳಗೆ ಬರುವಂತಿಲ್ಲ. ಈ ಕಟ್ಟುಪಾಡು ನೋಡಿಕೊಳ್ಳುವವರು ತಕ್ಕರು, ಅಂದರೆ ಊರ ಮತ್ತು ದೇವರ ಕೆಲಸ ವಂಶಪಾರಂಪರ್ಯವಾಗಿ ಹೊತ್ತ ಮನೆತನದವರು. ದೇವರ ನಮ್ಮೆ ಎಂದರೆ ಬರೀ ಹಬ್ಬವಲ್ಲ, ಊರೆಲ್ಲ ಒಟ್ಟಾಗಿ ಕಾಡಿನ ಗಡಿಯನ್ನು ಕಣ್ಣಾರೆ ನೋಡಿ ಬರುವ ದಿನವೂ ಹೌದು. ಕೊಡವರಷ್ಟೇ ಅಲ್ಲ, ಯರವರು, ಕುರುಬರು, ಕೆಂಬಟ್ಟಿಯವರು, ಎಲ್ಲರಿಗೂ ಆ ದಿನ ಒಂದೊಂದು ಪಾಲು, ಒಂದೊಂದು ಕೆಲಸ.

ಇಲಾಖೆಗಳ ಕಣ್ಣಿಗೆ ಇದು ಕಾಣಲಿಲ್ಲ ಎನ್ನುವಂತಿಲ್ಲ. ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥ ಡೀಟ್ರಿಚ್ ಬ್ರಾಂಡಿಸ್ 1897ರಲ್ಲಿ ಈ ದೇಶದ ಜನ ತಾವೇ ಕಾಪಾಡಿಕೊಂಡ ಕಾಡುಗಳ ಬಗ್ಗೆ ಬರೆಯುವಾಗ ಕೊಡಗಿನ ದೇವರಕಾಡುಗಳನ್ನು ಹೆಸರಿಸಿದ್ದಾನೆ. ಆದರೂ 1905ರಲ್ಲಿ ಅವು ಕಂದಾಯ ಇಲಾಖೆಗೆ ಹೋದವು, 1985ರಲ್ಲಿ ಮತ್ತೆ ಅರಣ್ಯ ಇಲಾಖೆಗೆ ಬಂದವು. ಹಳೆಯ ಲೆಕ್ಕದಲ್ಲಿ 15 ಸಾವಿರ ಎಕರೆಗೂ ಮೇಲಿದ್ದದ್ದು ಆ ಹೊತ್ತಿಗೆ 6,300 ಎಕರೆಯ ಆಸುಪಾಸಿಗೆ ಇಳಿದಿತ್ತು. ಕಡಿದವರು ಹೊರಗಿನವರೇ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಪಕ್ಕದ ತೋಟದ ಬೇಲಿ ಮಳೆಗಾಲಕ್ಕೊಮ್ಮೆ ಒಂದು ಹೆಜ್ಜೆ ಒಳಗೆ ಸರಿದದ್ದು ಎಲ್ಲ ಊರಲ್ಲೂ ಗೊತ್ತಿರುವ ಗುಟ್ಟು. ಬಯಲಲ್ಲಿ ಕೂತಿದ್ದ ದೇವರಿಗೆ ಕಾಂಕ್ರೀಟ್ ಗುಡಿ, ಅಂಗಳಕ್ಕೆ ಇಂಟರ್‌ಲಾಕ್ ಹಾಸುವ ಭಕ್ತಿಯೂ ಕಾಡನ್ನು ತಿಂದಿದೆ. ತಕ್ಕನಿಗೆ ನಮ್ಮೆಯ ದಿನ ಮರ್ಯಾದೆ, ಪಹಣಿಯಲ್ಲಿ ಏನೂ ಇಲ್ಲ. ಕಾಯುವವನ ಕೈಯಲ್ಲಿ ಕಾಗದ ಇರಲಿಲ್ಲ, ಕಾಗದ ಇದ್ದವರು ಕಾಯಲಿಲ್ಲ.

ಉಳಿದ ತುಣುಕುಗಳ ಬೆಲೆ ತಿಳಿದದ್ದು ತಡವಾಗಿ. 1995ರಲ್ಲಿ ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು ಶುರುವಾದ ಮೇಲೆ ಅಲ್ಲಿನ ಅಧ್ಯಾಪಕರು ದೇವರಕಾಡುಗಳನ್ನು ಹೊಕ್ಕು ಮರ, ಹಕ್ಕಿ, ಅಣಬೆ ಎಣಿಸತೊಡಗಿದರು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರನ್ನೂ ಹೋಲಿಸಿ ನೋಡಿತು. ಪಶ್ಚಿಮಘಟ್ಟಕ್ಕೇ ಸೀಮಿತವಾದ ಮರಗಳು ಮೀಸಲು ಅರಣ್ಯದಲ್ಲಿ ಹೆಚ್ಚಿದ್ದವು, ಸರಿ. ಅಳಿವಿನಂಚಿನ ಮರಗಳು ಮಾತ್ರ ದೇವರಕಾಡಿನಲ್ಲೇ ಹೆಚ್ಚು ಕಂಡವು. ಮೀಸಲು ಅರಣ್ಯದಲ್ಲಿ ಸಿಗದ ಅಣಬೆಗಳೂ ಅಲ್ಲಿದ್ದವು. ಬಿದ್ದ ಮರವನ್ನು ಎತ್ತದೆ ಬಿಟ್ಟರೆ ಅಣಬೆ ಏಳದೆ ಇನ್ನೇನು? ಕಕ್ಕಡ ತಿಂಗಳ ಮಳೆಯಲ್ಲಿ ಯಾವ ಹುತ್ತದ ಪಕ್ಕ ಯಾವ ಕುಮ್ಮು, ಅಂದರೆ ಅಣಬೆ, ಏಳುತ್ತದೆ ಎಂದು ಬಲ್ಲ ಹೆಂಗಸರಿಗೆ ಇದರಲ್ಲಿ ಅಚ್ಚರಿಯೇನೂ ಇರಲಿಕ್ಕಿಲ್ಲ.

ಕಾಡು ಮರಳಿ ಬೆಳೆಸುವ ಮಾತು ಬಂದಾಗಲೆಲ್ಲ ಸಸಿ ವಿತರಣೆ, ಭಾಷಣ, ಫೋಟೊ ನಡೆಯುತ್ತವೆ. ನನಗೆ ಇದರಲ್ಲಿ ನಂಬಿಕೆ ಕಡಿಮೆ. ಹುದಿಕೇರಿಯ ಸುತ್ತ ಸಸಿಗೆ ಬರವಿಲ್ಲ. ಹಕ್ಕಿ ತಿಂದು ಹಾಕಿದ ಬೀಜದಿಂದ ತೋಟದಲ್ಲಿ ಕಾಡುಮರ ತಾನಾಗಿ ಹುಟ್ಟುತ್ತದೆ. ಅದನ್ನು ಬೆಳೆಯಲು ಬಿಡುತ್ತಾರೋ ಇಲ್ಲವೋ ಎಂಬುದೇ ಪ್ರಶ್ನೆ. ಬಾಣೆಯ ಮರದ ಹಕ್ಕು ಬಹುಪಾಲು ಸರಕಾರದ್ದು. ನೂರು ವರ್ಷ ಕಾದು ಬೆಳೆಸಿದ ನಂದಿಯನ್ನು ಮನೆಯ ತೊಲೆಗೆ ಕಡಿಯಬೇಕಿದ್ದರೂ ಕಚೇರಿ ಅಲೆಯಬೇಕು, ಬೆಲೆ ಕಟ್ಟಬೇಕು. ಜಮ್ಮಾ ಬಾಣೆ ಯಾರದ್ದೆಂಬ ವ್ಯಾಜ್ಯ 1993ರಲ್ಲಿ ಹೈಕೋರ್ಟಿನ ಪೂರ್ಣ ಪೀಠದವರೆಗೂ ಹೋಗಿತ್ತು. ಇತ್ತ ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕಿಗೆ ಅಪ್ಪಣೆಯ ರಗಳೆಯಿಲ್ಲ. ನೆಟ್ಟಗೆ ಬೆಳೆಯುತ್ತದೆ, ಕರಿಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಬೇಕಾದಾಗ ಕಡಿದು ಮಾರಬಹುದು. ಹಾಗಾಗಿ ಹಲಸು, ಅತ್ತಿ ಇದ್ದ ಜಾಗಕ್ಕೆ ಸಿಲ್ವರ್ ಬಂತು. ಅತ್ತಿ, ಗೋಳಿ ಹೋದಲ್ಲಿ ಹಣ್ಣಿಗೆ ಬರುವ ಮಂಗಟ್ಟೆ ಹಕ್ಕಿಯೂ ಹೋಗುತ್ತದೆ; ಅದು ಬೀಜ ಉದುರಿಸದಿದ್ದರೆ ಮುಂದಿನ ಸಸಿಯೂ ಇಲ್ಲ. ಕಾಡುಮರ ಉಳಿಸಿದವನಿಗೆ ಕಾನೂನು ದಂಡ ಹಾಕಿದಂತೆ ನಡೆದುಕೊಂಡರೆ, ಅವನು ಜಾಣನಾಗಿ ಸಿಲ್ವರ್ ನೆಟ್ಟ ಎಂದು ಬೈಯುವುದು ಸರಿಯಲ್ಲ.

ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ತಾಲೂಕಿನ ತೆರಾಲಿನಲ್ಲಿ ಸಾಕ್ಷಿ ಇದೆ. ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು, ಪಾಳುಬಿದ್ದ ಜಮೀನನ್ನು ಸೇರಿಸುತ್ತ ಸುಮಾರು 300 ಎಕರೆ ಮಾಡಿ ಕಾಡಿಗೆ ಬಿಟ್ಟರು. ಕಾಡು ಬಂತು, ಆನೆಯೂ ಬಂತು. ಆದರೆ ಅದು ಕೊಳ್ಳುವ ಶಕ್ತಿ ಇದ್ದವರು ಕೊಂಡು ಉಳಿಸಿದ್ದು. ಮೂರು ಎಕರೆ ತೋಟದವನಿಗೆ ಆ ದಾರಿ ಇಲ್ಲ.

ಕಾಡು ಬಂದರೆ ಅದರ ಜೊತೆಗೆ ಬರುವುದನ್ನೂ ಹೇಳಬೇಕು. 2021ರ ಫೆಬ್ರವರಿ, ಮಾರ್ಚಿನಲ್ಲಿ ಟಿ. ಶೆಟ್ಟಿಗೇರಿ, ಬೆಳ್ಳೂರು ಕಡೆ ಹುಲಿ ದಾಳಿಗೆ ಜೀವಗಳು ಹೋದವು. ಸತ್ತವರು ತೋಟದ ಕೂಲಿ ಕುಟುಂಬದವರು. ಆಗ ನಾಗರಹೊಳೆಯಲ್ಲಿ 1990ರ ದಶಕದಿಂದ ಹುಲಿ ಎಣಿಸಲು ಬಳಸುತ್ತಿದ್ದ ಕ್ಯಾಮೆರಾಗಳು ಕಾಫಿ ತೋಟಕ್ಕೂ ಬಂದವು. ಈಗ ಆನೆ ಯಾವ ತೋಟದಲ್ಲಿದೆ ಎಂಬುದು ಬೆಳಗಿನ ಕಾಫಿಗೆ ಮೊದಲೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಇರುತ್ತದೆ. ಕಾಡುಪ್ರಾಣಿಗಳ ಬಗ್ಗೆ ಇಷ್ಟು ನಿತ್ಯದ ಮಾಹಿತಿ ಬೇರೆ ಯಾವ ಸಮೀಕ್ಷೆಯಲ್ಲೂ ಸಿಗಲಾರದು. ಆದರೆ ಅದನ್ನು ತೆಗೆದಿಟ್ಟುಕೊಳ್ಳುವವರಿಲ್ಲ, ಮಧ್ಯಾಹ್ನಕ್ಕೆ ಹಳೆಯ ಮೆಸೇಜು.

ಊರಿನ ಇಂಥ ತಿಳಿವಳಿಕೆಯನ್ನು ಬರೆದಿಡಲು ಕಾನೂನೇ ಒಂದು ಪುಸ್ತಕ ಕೇಳುತ್ತದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಹುದಿಕೇರಿಯೂ ಸೇರಿ ಪ್ರತಿ ಪಂಚಾಯಿತಿಯಲ್ಲಿ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ದೇಶದೆಲ್ಲೆಡೆ ಇದು ಹಸಿರು ನ್ಯಾಯಮಂಡಳಿ ಕೊಟ್ಟ 2020ರ ಜನವರಿಯ ಗಡುವಿಗೆ ಓಡೋಡಿ ಮುಗಿಸಿದ ಕೆಲಸ. ಈ ಪುಸ್ತಕವನ್ನು ನಿಜವಾಗಿ ಬರೆಯುವುದಾದರೆ ತಕ್ಕರ ಜೊತೆಗೆ ಯರವ ಹಾಡಿಯವರನ್ನೂ ಕೂರಿಸಬೇಕು. ಜೇನು ಯಾವ ಮರಕ್ಕೆ ಕಟ್ಟುತ್ತದೆ, ಕಕ್ಕಡ 18ರಂದು ತಿನ್ನುವ ಮದ್ದುತೊಪ್ಪು (ಮದ್ದಿನ ಸೊಪ್ಪು) ಯಾವ ತೋಡಿನ ಅಂಚಿನಲ್ಲಿ ಇನ್ನೂ ಸಿಗುತ್ತದೆ, ಎಲ್ಲಿ ನಿಂತುಹೋಯಿತು, ಹೊಳೆಯ ಯಾವ ಗುಂಡಿಯಲ್ಲಿ ಮೀನು ಕಡಿಮೆಯಾಯಿತು ಎಂಬುದು ಅವರಿಗೆ ಗೊತ್ತು. ಜೊತೆಗೆ ದೇವರಕಾಡುಗಳ ಗಡಿಯನ್ನು ಊರವರ ಎದುರಿಗೇ ಅಳೆದು ಕಲ್ಲು ನೆಡಬೇಕು, ನಕ್ಷೆಯ ಒಂದು ಪ್ರತಿ ತಕ್ಕರ ಮನೆಯಲ್ಲೂ ಇರಬೇಕು. ಅಳತೆಗೆ ಬಂದ ದಿನ ಯಾರ ಯಾರ ಕಾಫಿ ಗಿಡ ಕಲ್ಲಿನ ಒಳಗೆ ಬೀಳುತ್ತದೋ ಅವರ ಮನೆಯಲ್ಲಿ ಅಂದು ಊಟ ರುಚಿಸಲಿಕ್ಕಿಲ್ಲ.