ಹುಲ್ಲಿಗೆ ಎಷ್ಟು ನೀರು ಬೇಕು?

ಹದಿನೈದು ದಿನಗಳ ಹಿಂದೆ ಅಮೆರಿಕದ ಫೀನಿಕ್ಸ್ ನಗರದಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನಿಗೂ ಈಗ ಅರವತ್ತೈದು ದಾಟಿದೆ. ಕೆಲಸದಿಂದ ನಿವೃತ್ತನಾಗಿ ಮಗನ ಮನೆಯಲ್ಲಿದ್ದಾನೆ. ಮೊಮ್ಮಕ್ಕಳನ್ನು ನೋಡಿಕೊಳ್ಳುವುದರ ಜೊತೆಗೆ ಮನೆಯ ಮುಂದಿನ ಹುಲ್ಲುಹಾಸಿನ ಪಾಲನೆಯೂ ಅವನ ಪಾಲಿಗೆ ಬಂದಿದೆಯಂತೆ. ಕುಶಲ ವಿಚಾರಿಸಿದ ಮೇಲೆ ಅವನು ಕೇಳಿದ: "ಸರ, ಸಾಲ್ಯಾಗ ನಮ್ಮ ಕಡಿಂದ ಹುಲ್ಲಿಗೆ ನೀರ ಹೊರಸ್ತಿದ್ರಲ್ಲ, ಈಗ ಹೇಳ್ರಿ. ಇಲ್ಲಿ ಬ್ಯಾಸಿಗ್ಯಾಗ ಈ ಹುಲ್ಲಿಗೆ ಎಷ್ಟ ನೀರ ಬಿಡಬೇಕು?"

ಅವನು ನಗುತ್ತಲೇ ಕೇಳಿದ್ದ. ನನಗೆ ಮಾತ್ರ ನಗು ಬರಲಿಲ್ಲ. ಇದೇ ಪ್ರಶ್ನೆಯನ್ನು ಐವತ್ತು ವರ್ಷಗಳ ಹಿಂದೆ ಇನ್ನೊಬ್ಬರು ನನಗೆ ಕೇಳಿದ್ದರು, ನಾನು ಅಂದು ಉತ್ತರ ಕೊಟ್ಟಿರಲಿಲ್ಲ. ಆ ಸಂಗತಿಯನ್ನು ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು, ಇತಿಹಾಸದ ಮಾಸ್ತರನ ಹಳೆಯ ಚಾಳಿಯಂತೆ, ಈ ಹುಲ್ಲುಹಾಸು ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ವಿಚಾರ ಮಾಡೋಣ.

ಮನೆಯ ಮುಂದೆ ಹುಲ್ಲು ಬೆಳೆಸಿ, ಅದನ್ನು ಹೂ ಬಿಡಲೂ ಬಿಡದೆ, ಕೇವಲ ನೋಡುವುದಕ್ಕಾಗಿ ಸಮನಾಗಿ ಕತ್ತರಿಸುತ್ತಿರುವ ಪದ್ಧತಿ ಹೆಚ್ಚಾಗಿ ಇಂಗ್ಲೆಂಡಿನ ಶ್ರೀಮಂತ ಜಮೀನುದಾರರಿಂದ ಹಬ್ಬಿದ್ದು. 18ನೆಯ ಶತಮಾನದಲ್ಲಿ 'ಕೇಪೆಬಿಲಿಟಿ ಬ್ರೌನ್' ಎಂದೇ ಹೆಸರಾದ ಲ್ಯಾನ್ಸೆಲಾಟ್ ಬ್ರೌನ್ (1716-1783) ಅಂಥವರ ಬಂಗಲೆಗಳ ಗೋಡೆಯವರೆಗೂ ಹಸಿರು ಬಯಲು ಹರಡುವಂತೆ ಉದ್ಯಾನಗಳನ್ನು ರಚಿಸಿದನು. ದೂರದಲ್ಲಿ ಕುರಿಗಳು ಮೇಯ್ದು ಹುಲ್ಲನ್ನು ಗಿಡ್ಡವಾಗಿಡುತ್ತಿದ್ದವು. ಮನೆಯ ಸಮೀಪದಲ್ಲಿ ಆಳುಗಳು ಉದ್ದ ಹಿಡಿಯ ಕುಡುಗೋಲಿನಿಂದ ಕೊಯ್ಯುತ್ತಿದ್ದರು. ಇಷ್ಟು ಭೂಮಿಯಲ್ಲಿ ಏನನ್ನೂ ಬೆಳೆಯದೆ ಬಿಡುವ ಶಕ್ತಿ ತನಗಿದೆ ಎಂದು ಸಾರುವುದೇ ಅದರ ಒಳ ಅರ್ಥವಾಗಿತ್ತು. 1830ರಲ್ಲಿ ಗ್ಲಾಸ್ಟರ್‌ಶೈರಿನ ಎಡ್ವಿನ್ ಬಡ್ಡಿಂಗ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದನು. ಉಣ್ಣೆಯ ಬಟ್ಟೆಯ ಮೇಲೆದ್ದ ಎಳೆಗಳನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವೇ ಅವನಿಗೆ ಮಾದರಿ. ಆ ಯಂತ್ರ ಬಂದ ಮೇಲೆ ಶ್ರೀಮಂತನ ಹುಲ್ಲುಹಾಸು ಕ್ರಮೇಣ ಮಧ್ಯಮವರ್ಗದವರ ಅಂಗಳಕ್ಕೂ ಇಳಿಯಿತು.

ಇಲ್ಲೊಂದು ಸಣ್ಣ ಲೆಕ್ಕವಿದೆ. ಲಂಡನ್ನಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮ ವಿಜಯಪುರದಲ್ಲಿ ಬೀಳುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದರೆ ಅಲ್ಲಿ ವರ್ಷವಿಡೀ ಹಸಿರು, ಇಲ್ಲಿ ಬಹುಕಾಲ ಕಂದು ಏಕೆ? ಅಲ್ಲಿ ಆ ಮಳೆ ಹನ್ನೆರಡು ತಿಂಗಳಿಗೂ ಹಂಚಿಕೊಂಡು ಜಿನುಗುತ್ತದೆ, ಬಿಸಿಲು ಅದನ್ನು ಬೇಗ ಹೀರುವುದಿಲ್ಲ. ಇಲ್ಲಿ ಅದರ ಬಹುಪಾಲು ನಾಲ್ಕೈದು ತಿಂಗಳಲ್ಲಿ ಸುರಿದು ಹೋಗುತ್ತದೆ, ಉಳಿದ ತಿಂಗಳುಗಳಲ್ಲಿ ಸೂರ್ಯನದೇ ಆಳ್ವಿಕೆ. ಇಂಗ್ಲೆಂಡಿನ ಹುಲ್ಲುಹಾಸಿಗೆ ಅಲ್ಲಿನ ಆಕಾಶವೇ ತೋಟಗಾರ. ಆ ಹಸಿರನ್ನು ಬಿಸಿಲ ನಾಡಿಗೆ ಒಯ್ಯುವವನು ಆಕಾಶದ ಕೆಲಸವನ್ನು ತಾನೇ ಮಾಡಬೇಕಾಗುತ್ತದೆ.

ಆದರೂ ಒಯ್ದರು. 1809ರಲ್ಲಿ ಬೆಂಗಳೂರಿನ ದಂಡುಪ್ರದೇಶ ಸ್ಥಾಪನೆಯಾದ ಮೇಲೆ ಅಲ್ಲಿಯೂ, ಉತ್ತರದ ಊರುಗಳಲ್ಲಿಯೂ ಬಂಗಲೆಗಳ ಮುಂದೆ ಹುಲ್ಲುಹಾಸುಗಳು ಬಂದವು. ತಾಜ್‌ಮಹಲಿನ ಮುಂದೆ ಇಂದು ನಾವು ಕಾಣುವ ತೆರೆದ ಹುಲ್ಲುಹಾಸು ಕೂಡ ಷಾಜಹಾನನ ಕಾಲದ್ದಲ್ಲ. ಮೊಗಲರ ತೋಟದಲ್ಲಿ ಹಣ್ಣಿನ ಮರಗಳೂ ಹೂಗಿಡಗಳೂ ಇದ್ದವು. 1899ರಿಂದ 1905ರವರೆಗೆ ವೈಸರಾಯನಾಗಿದ್ದ ಲಾರ್ಡ್ ಕರ್ಜನ್ನನ ಕಾಲದ ಜೀರ್ಣೋದ್ಧಾರದಲ್ಲಿ ಅದು ಇಂಗ್ಲಿಷ್ ಮಾದರಿಯ ಬಯಲಾಯಿತು.

ತಂಪು ನಾಡಿನ ಹುಲ್ಲುಗಳು ನಮ್ಮ ಬಯಲುಸೀಮೆಯ ಬೇಸಿಗೆಯನ್ನು ತಾಳಲಾರವು. ಆದುದರಿಂದ ಇಲ್ಲಿನ ಮಾಲಿಗಳು ಕೈಗೆತ್ತಿಕೊಂಡದ್ದು ನೆಲದ ಹುಲ್ಲನ್ನೇ. ಉತ್ತರ ಭಾರತದವರು ಅದನ್ನು 'ದೂಬ್' ಎನ್ನುತ್ತಾರೆ, ಸಂಸ್ಕೃತದಲ್ಲಿ ದೂರ್ವೆ, ಕನ್ನಡದಲ್ಲಿ ಗರಿಕೆ, ನಮ್ಮ ಕಡೆ ಕರಿಕೆ. ಅದನ್ನು ನೆಡುವ ಒಂದು ವಿಧಾನವಂತೂ ನಮ್ಮ ತಾಯಂದಿರು ಅಂಗಳ ಸಾರಿಸುವುದನ್ನೇ ನೆನಪಿಸುತ್ತದೆ. ಗರಿಕೆಯ ಬಳ್ಳಿಗಳನ್ನು ಚಿಕ್ಕದಾಗಿ ಕತ್ತರಿಸಿ, ಹಸಿ ಸಗಣಿ ಮತ್ತು ಮಣ್ಣಿನೊಡನೆ ಕಲಸಿ, ಹದ ಮಾಡಿದ ನೆಲದ ಮೇಲೆ ಬಳಿಯುತ್ತಾರೆ. ಒಂದೊಂದು ಗಂಟೂ ಚಿಗುರುತ್ತದೆ.

ಫೀನಿಕ್ಸಿನ ವಿದ್ಯಾರ್ಥಿ ತನ್ನ ಹುಲ್ಲನ್ನು ವಿಡಿಯೋದಲ್ಲಿ ತೋರಿಸಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅದೇ ಗಂಟು, ಅದೇ ತೆವಳುವ ಬಳ್ಳಿ, ಬೆರಳು ಬಿಡಿಸಿದಂತಹ ಅದೇ ತೆನೆ. ಅಮೆರಿಕದವರು ಇದನ್ನು ಬರ್ಮುಡಾ ಹುಲ್ಲು ಎನ್ನುತ್ತಾರೆ. ಆದರೆ ಬರ್ಮುಡಾ ದ್ವೀಪ ಇದರ ತವರಲ್ಲ, ಇದು ಹಳೆಯ ಜಗತ್ತಿನ ಹುಲ್ಲು. ನಮ್ಮ ಹುಡುಗನಿಗೂ ಇದು ಗೊತ್ತಿದೆ. ಕಳೆದ ಗಣೇಶ ಚೌತಿಯಂದು ಔಷಧ ಸಿಂಪಡಿಸದ ಹಿತ್ತಲಿನ ಮೂಲೆಯಿಂದ ಇಪ್ಪತ್ತೊಂದು ಕರಿಕೆ ಕಿತ್ತು ತಂದು ಪೂಜೆ ಮಾಡಿದನಂತೆ. ನಾವು ದೇವರಿಗೆ ಏರಿಸುವ ಹುಲ್ಲನ್ನೇ ಅಲ್ಲಿ ತುಳಿದು ಆಡುತ್ತಾರೆ.

ಈ ಹುಲ್ಲಿನ ತಾಳಿಕೆಯ ಗುಟ್ಟು ಎರಡು. ಮೊದಲನೆಯದು, ಕಬ್ಬು, ಜೋಳ, ಸಜ್ಜೆಗಳಂತೆ ಇದು ಬಿರುಬಿಸಿಲಿನಲ್ಲಿ ಕಡಿಮೆ ನೀರಿನಿಂದ ಆಹಾರ ತಯಾರಿಸಿಕೊಳ್ಳಬಲ್ಲದು. ಎರಡನೆಯದು, ನೆಲದ ಮೇಲೆ ಹರಿಯುವ ಬಳ್ಳಿಯಂತೆ ನೆಲದೊಳಗೂ ಇದಕ್ಕೆ ಕಾಂಡವಿದೆ. ಮೇಲಿನ ಎಲೆ ಒಣಗಿದರೂ ಒಳಗಿನ ಕಾಂಡ ಮಲಗಿ ಕಾಯುತ್ತದೆ. ಗಂಟುಗಂಟಿನಿಂದ ಕವಲೊಡೆಯುವ ಈ ಗುಣವನ್ನು ಕಂಡೇ ಮಹಾನಾರಾಯಣೋಪನಿಷತ್ತು ದೂರ್ವೆಯನ್ನು ಸ್ತುತಿಸಿತು. ಅದೇ ಗುಣಕ್ಕಾಗಿ ನಮ್ಮ ಎರೆಹೊಲದ ಒಕ್ಕಲಿಗರು ಅದನ್ನು ಶಪಿಸಿದರು. ಕರಿಕೆ ಹೊಕ್ಕ ಹೊಲವನ್ನು ಬೇಸಿಗೆಯಲ್ಲಿ ಆಳವಾಗಿ ಅಗೆದು, ಬೇರನ್ನು ಬಿಸಿಲಿಗೆ ಒಡ್ಡಿ ಒಣಗಿಸುವ ಕಷ್ಟವನ್ನು ನಿಮ್ಮಲ್ಲಿ ಹಲವರು ಮನೆಯಲ್ಲೇ ಕಂಡಿದ್ದೀರಿ.

ಗರಿಕೆಯನ್ನು ಜಗತ್ತಿನ ಮೈದಾನಗಳ ಹುಲ್ಲಾಗಿ ಮಾಡಿದವರಲ್ಲಿ ಮುಖ್ಯನಾದವನು ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನ ವಿಜ್ಞಾನಿ ಗ್ಲೆನ್ ಬರ್ಟನ್ (1910-2005). ನಮ್ಮ ಗರಿಕೆಯನ್ನೂ ಆಫ್ರಿಕಾದ ಅದರ ಸೋದರ ಜಾತಿಯೊಂದನ್ನೂ ಕೂಡಿಸಿ ಹುಟ್ಟಿದ 'ಟಿಫ್‌ವೇ' ಎಂಬ ತಳಿಯನ್ನು ಆತ 1960ರಲ್ಲಿ ಬಿಡುಗಡೆ ಮಾಡಿದನು. ಅದು ಬೀಜವಾಗುವುದಿಲ್ಲ, ಬಳ್ಳಿಯ ತುಂಡುಗಳಿಂದಲೇ ನೆಡಬೇಕು. ಇದೇ ಬರ್ಟನ್ ಸಜ್ಜೆಯ ಮೇಲೂ ಕೆಲಸ ಮಾಡಿದ್ದನು. ಅವನ 'ಟಿಫ್ಟ್ 23ಎ' ಎಂಬ ಸಜ್ಜೆಯ ತಳಿಯನ್ನು ಬಳಸಿ ಲೂಧಿಯಾನದಲ್ಲಿ ವಿಜ್ಞಾನಿ ಡಿ. ಎಸ್. ಅಥ್ವಾಲರು ರೂಪಿಸಿದ ಹೈಬ್ರಿಡ್ ಸಜ್ಜೆ 1965ರಲ್ಲಿ ಭಾರತದ ರೈತರಿಗೆ ದೊರೆಯಿತು. ಒಬ್ಬನೇ ಮನುಷ್ಯನ ಹೊಲದಿಂದ ಅಲ್ಲಿಯವರ ಅಂಗಳಕ್ಕೆ ಹುಲ್ಲೂ ನಮ್ಮವರ ಹಸಿವಿಗೆ ಸಜ್ಜೆಯೂ ಬಂದವು.

ಆದರೆ ಹುಲ್ಲುಹಾಸು ಮಿತಿಮೀರಿ ಬೆಳೆಯಿತು. 2005ರಲ್ಲಿ ನಾಸಾ ಸಂಸ್ಥೆಯ ನೆರವಿನಿಂದ ನಡೆದ ಅಧ್ಯಯನವೊಂದು ಅಮೆರಿಕದ ಹುಲ್ಲುಹಾಸಿನ ಒಟ್ಟು ವಿಸ್ತೀರ್ಣವನ್ನು ಸುಮಾರು 1,63,000 ಚದರ ಕಿಲೋಮೀಟರ್ ಎಂದು ಅಂದಾಜು ಮಾಡಿತು. ನಮ್ಮ ಇಡೀ ಕರ್ನಾಟಕವೇ 1,91,791 ಚದರ ಕಿಲೋಮೀಟರ್ ಎಂದು ನೆನಪಿಸಿಕೊಂಡರೆ ಇದರ ಗಾತ್ರ ಅರಿವಾದೀತು. 2022ರಲ್ಲಿ ಕೊಲರಾಡೊ ನದಿಯ ಮೀಡ್ ಜಲಾಶಯ, 1930ರ ದಶಕದಲ್ಲಿ ತುಂಬತೊಡಗಿದ ಮೇಲೆ ಎಂದೂ ಇಳಿಯದಷ್ಟು ಕೆಳಗಿಳಿಯಿತು. ಅದಕ್ಕೆ ಒಂದು ವರ್ಷ ಮೊದಲೇ, 2021ರಲ್ಲಿ, ನೆವಾಡ ರಾಜ್ಯ ಒಂದು ಕಾಯಿದೆ ಮಾಡಿತ್ತು. ಲಾಸ್ ವೇಗಸ್ ಪ್ರದೇಶದಲ್ಲಿ ಯಾರೂ ಆಡದ, ಕೇವಲ ನೋಟಕ್ಕಿರುವ ಹುಲ್ಲಿಗೆ ಆ ನದಿಯ ನೀರನ್ನು 2027ರ ಆರಂಭದಿಂದ ಹಾಯಿಸಕೂಡದು ಎಂಬುದು ಅದರ ಸಾರ. ಒಂಟಿ ಕುಟುಂಬದ ಮನೆಗಳನ್ನು ಮಾತ್ರ ಅದರಿಂದ ಹೊರಗಿಟ್ಟರು. ಬೆಂಗಳೂರಿಗೂ ಅಂಥ ದಿನ ಬಂತು. 2024ರ ಮಾರ್ಚಿಯಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೂ ಕಾರು ತೊಳೆಯುವುದಕ್ಕೂ ಬಳಸಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು.

ಇನ್ನು ಹುಡುಗನ ಪ್ರಶ್ನೆಗೆ ಬರುತ್ತೇನೆ. ಗರಿಕೆಯ ಪಾಲನೆಯೆಂದರೆ ಅದರ ಋತುವನ್ನು ಗೌರವಿಸುವುದು. ಫೀನಿಕ್ಸಿನಲ್ಲಿ ವಸಂತ ಬಂದು ರಾತ್ರಿಗಳು ಬೆಚ್ಚಗಾದಾಗ ಅದು ಏಳುತ್ತದೆ. ಆಗ ಒಮ್ಮೆ ಗಿಡ್ಡವಾಗಿ ಕತ್ತರಿಸಿ ಬುಡಕ್ಕೆ ಬಿಸಿಲು ತಾಗಿಸಬೇಕು. ಬೇಸಿಗೆಯಲ್ಲಿ ದಿನವೂ ಮೇಲೆ ಮೇಲೆ ನೀರು ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ಅದಕ್ಕೆ ಬದಲಾಗಿ ಮೂರರಿಂದ ಆರು ದಿನಗಳಿಗೊಮ್ಮೆ, ಸೂರ್ಯ ಹುಟ್ಟುವ ಮೊದಲು, ಒಂದು ಗೇಣು ಆಳದವರೆಗೆ ನೆನೆಯುವಂತೆ ನೀರುಣಿಸಬೇಕು. ಉದ್ದನೆಯ ಸ್ಕ್ರೂಡ್ರೈವರನ್ನು ನೆಲಕ್ಕೆ ಚುಚ್ಚಿ ನೋಡಿದರೆ ಎಷ್ಟು ಆಳ ನೆನೆದಿದೆ ಎಂಬುದು ತಿಳಿಯುತ್ತದೆ. ಒಮ್ಮೆಗೆ ಎಲೆಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಅಕ್ಟೋಬರಿನಲ್ಲಿ ಅಲ್ಲಿಯವರು ಚಳಿಗಾಲದ ಹಸಿರಿಗಾಗಿ ರೈ ಹುಲ್ಲಿನ ಬೀಜವನ್ನು ಮೇಲೆ ಬಿತ್ತುತ್ತಾರೆ. ಅದು ಮೊಳೆಯುವವರೆಗೆ ದಿನಕ್ಕೆ ಹಲವು ಸಲ ನೀರು ಬೇಕು. ಬಿತ್ತಬೇಡ ಎನ್ನುತ್ತೇನೆ. ಚಳಿಯಲ್ಲಿ ಗರಿಕೆ ಕಂದಾಗುವುದು ಸಾವಲ್ಲ, ನಿದ್ರೆ. ಮೂರು ನಾಲ್ಕು ವಾರಗಳಿಗೊಮ್ಮೆ ನೀರು ಕೊಟ್ಟರೆ ಸಾಕು.

ಕರ್ನಾಟಕದ ಬಯಲುಸೀಮೆಯಲ್ಲಿರುವವರಿಗೆ ಕ್ರಮ ಬೇರೆ. ಜೂನಿನ ಮಳೆ ಹಿಡಿದ ಮೇಲೆ, ಮರದ ನೆರಳಿಲ್ಲದ ಕಡೆ ನೆಡಿ. ಮಳೆಗಾಲದಲ್ಲಿ ವಾರ ಹತ್ತು ದಿನಕ್ಕೊಮ್ಮೆ ಕತ್ತರಿಸಿ. ಜೇಕನ್ನು ಕೀಳುವಾಗ ನೆಲದೊಳಗಿನ ಗಡ್ಡೆಯನ್ನೂ ತೆಗೆಯಿರಿ. ದೀಪಾವಳಿಗೆ ಮೊದಲು, ಇನ್ನೂ ಬೆಳವಣಿಗೆ ಇರುವಾಗಲೇ, ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಹರಡಿ. ಚೈತ್ರ ವೈಶಾಖಗಳಲ್ಲಿ ಹುಲ್ಲನ್ನು ತುಸು ಎತ್ತರ ಬಿಟ್ಟು, ಅದು ಕಂದಾಗುವುದನ್ನು ಧೈರ್ಯವಾಗಿ ನೋಡಿರಿ. ಬಟ್ಟೆ ಜಾಲಾಡಿದ ನೀರು ಆಗೀಗ ಸಿಕ್ಕರೆ ಬುಡದ ಜೀವ ಉಳಿಯುತ್ತದೆ.

ಈಗ ಹಳೆಯ ಸಂಗತಿ. 1972ರಲ್ಲಿ ಮಳೆ ಕೈಕೊಟ್ಟಿತ್ತು. 1973ರ ಬೇಸಿಗೆಯ ಹೊತ್ತಿಗೆ ವಿಜಾಪುರ ಜಿಲ್ಲೆಯ ನಮ್ಮ ಊರಿನ ಬಾವಿ ತಳ ಕಂಡಿತ್ತು. ನಿಮ್ಮಲ್ಲಿ ಹಲವರ ತಂದೆತಾಯಿಯರು ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆಯಲು ಹೋಗುತ್ತಿದ್ದರು. ಶಾಲೆಯ ಧ್ವಜಕಂಬದ ಸುತ್ತ ಒಂದು ಹುಲ್ಲಿನ ಮಡಿಯಿತ್ತು. ಮಾರ್ಚಿಯಲ್ಲಿ ಮೇಲಧಿಕಾರಿಗಳು ತಪಾಸಣೆಗೆ ಬರುವರೆಂದು ತಿಳಿದಾಗ, ಅದು ಹಸಿರಾಗಿ ಕಾಣಬೇಕೆಂದು ನಿರ್ಧರಿಸಿದವನು ನಾನೇ, ಬೇರೆ ಯಾರೂ ಅಲ್ಲ. ಒಂಬತ್ತನೆಯ ತರಗತಿಯ ಹುಡುಗರನ್ನು ಎರಡು ವಾರ ಮುಂಜಾನೆ ಸಾಲು ನಿಲ್ಲಿಸಿ ಕೊಡ ಹೊರಿಸಿದೆ.

ಒಂದು ದಿನ ಬಾವಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಖಾಲಿ ಕೊಡ ಹಿಡಿದು, ಹುಡುಗರು ಸೇದಿ ಮುಗಿಸಲೆಂದು ಕಾದು ನಿಂತಿದ್ದಳು. ಕೆಳಗೆ ಬರುತ್ತಿದ್ದುದು ರಾಡಿ ನೀರು. ಅವಳು ಸಿಟ್ಟಿನಿಂದ ಕೇಳಲಿಲ್ಲ, ತಿಳಿದುಕೊಳ್ಳುವವಳಂತೆ ಕೇಳಿದಳು: "ಮಾಸ್ತರ, ಹುಲ್ಲಿಗೆ ಎಷ್ಟ ನೀರ ಬೇಕಾಗತೈತ್ರಿ?"

ನಾನು ಮಾತನಾಡಲಿಲ್ಲ. ಹುಡುಗರಿಗೆ ನಿಲ್ಲಿಸಿರೆಂದೂ ಹೇಳಲಿಲ್ಲ. ಅಧಿಕಾರಿಗಳು ಬಂದು ಹಾಜರಿ ಪುಸ್ತಕ ನೋಡಿದರು, ಚಹ ಕುಡಿದರು, ಹೋದರು. ಹುಲ್ಲಿನ ಮಾತು ಬರಲಿಲ್ಲ. ಏಪ್ರಿಲಿನಲ್ಲಿ ರಜೆ ಬಿಟ್ಟೆವು. ಎರಡು ತಿಂಗಳು ಆ ಮಡಿಗೆ ಒಂದು ಹನಿಯನ್ನೂ ಯಾರೂ ಹಾಕಲಿಲ್ಲ. ಜೂನಿನಲ್ಲಿ ಶಾಲೆ ತೆರೆದಾಗ ಅದು ಹುರಿದ ಚಾಪೆಯಂತಿತ್ತು. ಎರಡು ಹದವಾದ ಮಳೆಯಾದ ಮೇಲೆ, ಒಂದು ವಾರದೊಳಗೆ, ಗಂಟುಗಂಟಿನಿಂದಲೂ ಹಸಿರು ಎದ್ದಿತು. ಅಂದೇ ನನಗೆ ಉತ್ತರ ಸಿಕ್ಕಿತ್ತು. ಹೇಳಲು ಮುದುಕಿಯ ಮನೆಗೆ ಹೋಗಬಹುದಿತ್ತು, ಹೋಗಲಿಲ್ಲ.

ಆ ಸಾಲಿನಲ್ಲಿ ಕೊಡ ಹೊತ್ತವರಲ್ಲಿ ಕೆಲವರು ಇದನ್ನು ಓದುತ್ತಿದ್ದೀರಿ. ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ. ಆ ನೀರು ಬೇಕಾಗಿದ್ದುದು ಹುಲ್ಲಿಗಲ್ಲ, ನನಗೆ. ಫೀನಿಕ್ಸಿನ ಹುಡುಗನಿಗೂ ಅಷ್ಟನ್ನೇ ಹೇಳಿದೆ: ಮೊಮ್ಮಕ್ಕಳು ಆಡುವಷ್ಟು ಜಾಗವನ್ನು ಹುಲ್ಲಿಗೆ ಇಟ್ಟುಕೋ, ಉಳಿದದ್ದನ್ನು ಅಲ್ಲಿನ ಮರುಭೂಮಿಯ ಗಿಡಗಳಿಗೆ ಬಿಟ್ಟುಕೊಡು. ಚೌತಿಗೆ ಇಪ್ಪತ್ತೊಂದು ಕರಿಕೆ ಹೇಗೂ ಸಿಗುತ್ತದೆ.