ದಂತಚಲನೆ: ನರ ಮತ್ತು ಉರಿಯೂತದ ಪಾತ್ರ

ವಕ್ರದಂತ ಚಿಕಿತ್ಸೆಯಲ್ಲಿ ತಂತಿ, ಕ್ಲಿಪ್ಪುಗಳ ಒತ್ತಡಕ್ಕೆ ಹಲ್ಲು ದವಡೆಯ ಮೂಳೆಯೊಳಗೆ ಸ್ಥಳ ಬದಲಿಸುವಾಗ ನಡೆಯುವ ಜೈವಿಕ ಕ್ರಿಯೆ. ಉಡುಪಿ ಜಿಲ್ಲೆಯಲ್ಲಿ ಈ ಚಿಕಿತ್ಸೆಗೂ ಅದರ ಬೋಧನೆಗೂ ಮುಖ್ಯ ನೆಲೆ, 1965ರಲ್ಲಿ ಆರಂಭವಾದ ಮಣಿಪಾಲದ ದಂತವೈದ್ಯಕೀಯ ಕಾಲೇಜು.

ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿ.ಮೀ. ದಪ್ಪದ ತಂತುಪದರವಿದೆ. ಟ್ರೈಜೆಮಿನಲ್ ನರದ ಕವಲುಗಳು ಇದರೊಳಗೆ ಹರಡಿವೆ. ಹಲ್ಲನ್ನು ನೂಕಿದಾಗ ಪದರದ ಒಂದು ಬದಿ ಹಿಸುಕಿ ರಕ್ತಸಂಚಾರ ತಗ್ಗುತ್ತದೆ, ಇನ್ನೊಂದು ಬದಿ ಹಿಗ್ಗುತ್ತದೆ. ಆಗ ನರತುದಿಗಳು ನೋವಿನ ಸುದ್ದಿಯನ್ನು ಮಿದುಳಿಗೆ ಒಯ್ದು ಸುಮ್ಮನಾಗುವುದಿಲ್ಲ. ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಎಂಬ ಪೆಪ್ಟೈಡ್‌ಗಳನ್ನು ಅಲ್ಲಿಯೇ ಸ್ರವಿಸಿ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ಸೋಂಕಿಲ್ಲದೆ ಹುಟ್ಟುವ ಈ ಉರಿಯೂತದಲ್ಲಿ ಪ್ರೋಸ್ಟಾಗ್ಲಾಂಡಿನ್ ಇ2, ಇಂಟರ್‌ಲ್ಯೂಕಿನ್-1 ಏರುತ್ತವೆ. ಅವುಗಳ ಪ್ರಚೋದನೆಯಿಂದ ಹೆಚ್ಚುವ ರ್‍ಯಾಂಕ್‌ಎಲ್ ಪ್ರೋಟೀನು, ಮೂಳೆ ಕರಗಿಸುವ ಆಸ್ಟಿಯೋಕ್ಲಾಸ್ಟ್ ಕೋಶಗಳನ್ನು ರೂಪಿಸುತ್ತದೆ. ಒತ್ತಿದ ಬದಿಯ ಮೂಳೆ ಸವೆಯುತ್ತದೆ, ಎಳೆದ ಬದಿಯಲ್ಲಿ ಹೊಸದು ಕಟ್ಟುತ್ತದೆ. ಚಲನೆ ತಿಂಗಳಿಗೆ ಸುಮಾರು 1 ಮಿ.ಮೀ. ಬಿಗಿ ಹೆಚ್ಚಿದಷ್ಟೂ ಬೇಗ ಎಂಬುದು ತಪ್ಪು ನಂಬಿಕೆ: ಅತಿ ಒತ್ತಡಕ್ಕೆ ತಂತುಪದರವೇ ನಿರ್ಜೀವವಾಗಿ ಹಲ್ಲು ವಾರಗಟ್ಟಲೆ ಅಲ್ಲಾಡದೆ ನಿಲ್ಲಬಹುದು.

ನೋವು ಕೆಲವು ಗಂಟೆಗಳಲ್ಲಿ ಶುರುವಾಗಿ, 24 ಗಂಟೆಯ ಹೊತ್ತಿಗೆ ತುತ್ತತುದಿ ಮುಟ್ಟಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಕಾಪು, ಕಾರ್ಕಳಗಳಿಂದ ಬಂದು ತಂತಿ ಬಿಗಿಸಿಕೊಂಡು ಹೋದವರಿಗೆ ಆ ದಿನಗಳಲ್ಲಿ ಕುಚ್ಚಲಕ್ಕಿ ಗಂಜಿಯೇ ಸರಿ, ಚಕ್ಕುಲಿಯಲ್ಲ. ಐಬುಪ್ರೊಫೆನ್‌ನಂಥ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ಉತ್ಪತ್ತಿಯನ್ನೇ ತಡೆಯುವುದರಿಂದ, ದೀರ್ಘಕಾಲ ನುಂಗಿದರೆ ಚಲನೆ ನಿಧಾನವಾದೀತೆಂಬ ಶಂಕೆಯಿದೆ; ಹಾಗಾಗಿ ಹಲವು ವೈದ್ಯರ ಮೊದಲ ಆಯ್ಕೆ ಪ್ಯಾರಾಸಿಟಮಾಲ್.